ಬೈಪಾಸ್‌ಗೆ ಬಳಸಿದ ಕಾಲಿನ ರಕ್ತನಾಳವನ್ನು ಉಳಿಸಿಕೊಳ್ಳುವುದು ಹೇಗೆ?

ರೋಗಿಗಳಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ತಿಳುವಳಿಕೆ ಪಾಠ



ಹೃದಯದ ಬೈಪಾಸ್ ಆಪರೇಶನ್ ಆದವರ ಹಾಸಿಗೆಯ ಬಳಿ ಹೋದಾಗ ಮೂರು ಪ್ರಶ್ನೆಗಳು ನಮಗೆ ತಪ್ಪದೆ ಎದುರಾಗುತ್ತವೆ. "ತೊಂದರೆ ಇದ್ದದ್ದು ಎದೆಯಲ್ಲಿ, ಕಾಲನ್ನು ಏಕೆ ಕೊಯ್ದರು?" "ಕಾಲಿನ ನರ ತೆಗೆದ ಮೇಲೆ ಮೊದಲಿನಂತೆ ನಡೆಯಲು ಆಗುತ್ತದೆಯೇ?" "ಬ್ಲಾಕ್ ಹೋಯಿತಲ್ಲ ಸಿಸ್ಟರ್, ಇನ್ನೂ ಯಾಕೆ ಗುಳಿಗೆ?"

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಆದರೆ ಅದನ್ನು ತಿಳಿಯದವರು ಮೈ ಹಗುರವಾಯಿತೆಂದು ಆರು ತಿಂಗಳಿಗೇ ಗುಳಿಗೆ ಬಿಟ್ಟುಬಿಡುತ್ತಾರೆ. ಕಾಲಿನಿಂದ ತೆಗೆದು ಹೃದಯಕ್ಕೆ ಜೋಡಿಸಿದ ನಾಳ ಪ್ಲಾಸ್ಟಿಕ್ ಪೈಪ್ ಅಲ್ಲ. ಅದು ಜೀವ ಇರುವ ವಸ್ತು. ಜಾಗ ಬದಲಾಯಿಸುವಾಗ ಅದರ ಕೆಲವು ಜೀವಕೋಶಗಳು ಸಾಯುತ್ತವೆ, ಉಳಿದವು ಗಾಯ ಮಾಯಿಸಿಕೊಳ್ಳುತ್ತವೆ. ಗಾಯ ಹೇಗೆ ಮಾಯುತ್ತದೆ ಎಂಬುದರ ಮೇಲೆ ನಾಳ ಎಷ್ಟು ವರ್ಷ ತೆರೆದಿರುತ್ತದೆ ಎಂಬುದು ನಿಂತಿದೆ. ಆದ್ದರಿಂದ ಈ ಪಾಠವನ್ನು ನಿಧಾನವಾಗಿ ಓದಿ. ಓದಲು ಬಾರದ ಹಿರಿಯರಿಗೆ ಮನೆಯವರು ಓದಿ ಹೇಳಿ.

ಬೈಪಾಸ್ ಎಂದರೆ ಏನು?

ಹೃದಯವು ದೇಹಕ್ಕೆಲ್ಲ ರಕ್ತ ಕಳುಹಿಸುವ ಪಂಪು. ಆ ಪಂಪಿಗೂ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ಶುದ್ಧ ರಕ್ತನಾಳಗಳಿಗೆ ಕರೋನರಿ ನಾಳಗಳೆಂದು ಹೆಸರು. ಇವುಗಳ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾದರೆ ನಡೆಯುವಾಗ ಎದೆ ಹಿಡಿದಂತಾಗುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಹೃದಯಾಘಾತವಾಗುತ್ತದೆ.

ಬೈಪಾಸ್ ಆಪರೇಶನ್‌ನಲ್ಲಿ ಬ್ಲಾಕನ್ನು ಕೆರೆದು ತೆಗೆಯುವುದಿಲ್ಲ. ಅದು ಇದ್ದಲ್ಲಿಯೇ ಇರುತ್ತದೆ. ದೇಹದ ಬೇರೆ ಕಡೆಯಿಂದ ಒಂದು ರಕ್ತನಾಳ ತಂದು, ಅದರ ಒಂದು ತುದಿಯನ್ನು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೂ ಇನ್ನೊಂದು ತುದಿಯನ್ನು ಬ್ಲಾಕಿನ ಆಚೆ ಭಾಗಕ್ಕೂ ಹೊಲಿಯುತ್ತಾರೆ. ಸೇತುವೆ ಕುಸಿದಾಗ ಪಕ್ಕದಲ್ಲಿ ಬದಲಿ ರಸ್ತೆ ಮಾಡಿಕೊಟ್ಟಂತೆ.

ಕಾಲಿನ ನಾಳ ಬಳಸಿ ಮಾಡುವ ಈ ಆಪರೇಶನ್ನನ್ನು 1967ರಲ್ಲಿ ಅಮೆರಿಕೆಯ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಆರಂಭಿಸಿ ರೂಢಿಗೆ ತಂದವರು ಅರ್ಜೆಂಟೀನಾ ದೇಶದ ಸರ್ಜನ್ ಡಾ. ರೆನೆ ಫವಲೊರೊ. ನಮ್ಮ ದೇಶದಲ್ಲಿ 1975ರಲ್ಲಿ, ಆಗಿನ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರು ಮೊದಲ ಬೈಪಾಸ್ ಮಾಡಿದರು.

ಕಾಲಿನ ನಾಳವೇ ಏಕೆ?

ಪಾದದ ಒಳಗಿಣ್ಣಿನಿಂದ ತೊಡೆಯ ಸಂದಿಯವರೆಗೆ ಚರ್ಮದ ಕೆಳಗೇ ಹೋಗುವ ಒಂದು ಉದ್ದನೆಯ ಮಲಿನ ರಕ್ತನಾಳವಿದೆ. ಜನ ಇದನ್ನು ನರ ಎನ್ನುತ್ತಾರೆ. ಆದರೆ ನರವೇ ಬೇರೆ, ರಕ್ತನಾಳವೇ ಬೇರೆ. ಈ ನಾಳ ದೇಹದ ಮಲಿನ ರಕ್ತನಾಳಗಳಲ್ಲೇ ಅತಿ ಉದ್ದವಾದದ್ದು. ತೆಗೆಯಲು ಸುಲಭ. ಒಂದೇ ನಾಳದಿಂದ ಎರಡು ಮೂರು ಬೈಪಾಸ್ ತುಂಡುಗಳು ಸಿಗುತ್ತವೆ.

ಇದನ್ನು ತೆಗೆದರೆ ಕಾಲಿಗೆ ಏನೂ ಕುಂದಿಲ್ಲ. ಕಾಲಿನ ಹೆಚ್ಚಿನ ರಕ್ತವನ್ನು ಮಾಂಸಖಂಡಗಳ ನಡುವೆ ಆಳದಲ್ಲಿರುವ ಬೇರೆ ನಾಳಗಳು ಮೇಲಕ್ಕೆ ಒಯ್ಯುತ್ತವೆ. ಕೆಲವು ವಾರ ಪಾದದ ಬಳಿ ಬಾವು, ಹೊಲಿಗೆಯ ಸುತ್ತ ಜೋಮು ಇರಬಹುದು. ನಡೆಯಲು ಅಡ್ಡಿಯಿಲ್ಲ.

ಕಾಲಿನ ನಾಳದ ಜೊತೆಗೆ ಎದೆಗೂಡಿನ ಒಳಭಾಗದಲ್ಲಿರುವ ಒಂದು ಶುದ್ಧ ರಕ್ತನಾಳವನ್ನೂ ಹೆಚ್ಚಿನವರಿಗೆ ಬಳಸುತ್ತಾರೆ. ಅದರ ವಿಷಯ ಮುಂದೆ ಬರುತ್ತದೆ.

ರಕ್ತನಾಳದ ಗೋಡೆಯಲ್ಲಿ ಏನೇನಿದೆ?

ರಕ್ತನಾಳದ ಗೋಡೆಗೆ ಮೂರು ಪದರಗಳು.

1. ಒಳಪದರ: ಒಂದೇ ಒಂದು ಸಾಲು ಜೀವಕೋಶಗಳ ತೆಳುವಾದ ಹಾಸು. ಮನೆಯ ಗೋಡೆಗೆ ನುಣುಪಾದ ಗಿಲಾವು ಮಾಡಿದಂತೆ ಇದು ನಾಳದ ಒಳಮೈಯನ್ನು ನುಣುಪಾಗಿಡುತ್ತದೆ. ಆದರೆ ಗಿಲಾವಿಗೆ ಜೀವವಿಲ್ಲ, ಇದಕ್ಕಿದೆ. ಈ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ತಯಾರಿಸುತ್ತಲೇ ಇರುತ್ತವೆ. ಅದು ನಾಳವನ್ನು ಸಡಿಲವಾಗಿಡುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಇದರ ಕೆಲಸವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

2. ನಡುಪದರ: ಸ್ನಾಯು ಜೀವಕೋಶಗಳ ಪದರ. ಶುದ್ಧ ರಕ್ತನಾಳದಲ್ಲಿ ಇದು ದಪ್ಪ, ಮಲಿನ ರಕ್ತನಾಳದಲ್ಲಿ ತೆಳು.

3. ಹೊರಪದರ: ನಾಳಕ್ಕೆ ಆಧಾರ ಕೊಡುವ ಪದರ. ನಾಳದ ಗೋಡೆಗೇ ಅನ್ನ ನೀರು ಕೊಡುವ ಕೂದಲಿಗಿಂತ ಸಣ್ಣ ರಕ್ತನಾಳಗಳು ಇಲ್ಲಿವೆ.

ಜೀವಕೋಶಗಳು ಏಕೆ ಸಾಯುತ್ತವೆ?

ಮೆಣಸಿನ ಸಸಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ನಾಟಿ ಮಾಡುವಾಗ ಏನಾಗುತ್ತದೆಂದು ರೈತ ಬಂಧುಗಳಿಗೆ ಗೊತ್ತು. ಎಷ್ಟೇ ಜೋಪಾನ ಮಾಡಿದರೂ ಕೆಲವು ಬೇರು ಹರಿಯುತ್ತವೆ, ಎರಡು ದಿನ ಸಸಿ ಬಾಡುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ಕಾಲಿನ ನಾಳಕ್ಕೂ ಹೀಗೆಯೇ ಆಗುತ್ತದೆ. ಕಾರಣಗಳು ನಾಲ್ಕು.

1. ಬೇರು ಹರಿಯುವುದು. ನಾಳವನ್ನು ಸುತ್ತಲಿನ ಕೊಬ್ಬಿನಿಂದ ಬಿಡಿಸಿ ತೆಗೆಯುವಾಗ ಹೊರಪದರದ ಸಣ್ಣ ರಕ್ತನಾಳಗಳು ಕಡಿಯುತ್ತವೆ. ನಾಳದ ಗೋಡೆಗೆ ಬರುತ್ತಿದ್ದ ಆಹಾರ ನಿಲ್ಲುತ್ತದೆ.

2. ಕಾಯುವ ಹೊತ್ತು. ಕಾಲಿನಿಂದ ತೆಗೆದು ಹೃದಯಕ್ಕೆ ಹೊಲಿಯುವವರೆಗೆ ನಾಳವನ್ನು ದ್ರಾವಣದಲ್ಲಿ ಇಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಜೀವಕೋಶಗಳಿಗೆ ರಕ್ತದ ಮೂಲಕ ಸಿಗುವ ಆಮ್ಲಜನಕ ಇರುವುದಿಲ್ಲ.

3. ಹಿಗ್ಗಿಸುವುದು. ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡಲು ಸಿರಿಂಜಿನಿಂದ ದ್ರವ ತುಂಬಿಸಿ ಪರೀಕ್ಷಿಸಬೇಕಾಗುತ್ತದೆ. ಒತ್ತಡ ಹೆಚ್ಚಾದರೆ ಒಳಪದರದ ಜೀವಕೋಶಗಳು ಅಲ್ಲಲ್ಲಿ ಕಿತ್ತು ಬರುತ್ತವೆ.

4. ಹೊಸ ಒತ್ತಡ. ಇದು ಎಲ್ಲಕ್ಕಿಂತ ಮುಖ್ಯ. ಮಲಗಿದ್ದಾಗ ಕಾಲಿನ ಮಲಿನ ರಕ್ತನಾಳದಲ್ಲಿ ಒತ್ತಡ ಸುಮಾರು 10 ಮಿ.ಮೀ. ಇರುತ್ತದೆ, ರಕ್ತ ಸದ್ದಿಲ್ಲದೆ ಹರಿಯುತ್ತದೆ. ಹೃದಯಕ್ಕೆ ಜೋಡಿಸಿದ ಕ್ಷಣದಿಂದ ಅದೇ ನಾಳ 120/80ರ ಒತ್ತಡವನ್ನು ತಾಳಬೇಕು, ನಾಡಿಯ ಪ್ರತಿ ಬಡಿತಕ್ಕೂ ಹಿಗ್ಗಬೇಕು. ಹೊಲಗಾಲುವೆಗೆ ಒಮ್ಮೆಲೇ ಮುಖ್ಯ ಕಾಲುವೆಯ ನೀರು ಬಿಟ್ಟಂತೆ. ಹೀಗೆ ಹಠಾತ್ತನೆ ಎಳೆತ ಬಿದ್ದಾಗ ನಡುಪದರದ ಸ್ನಾಯು ಜೀವಕೋಶಗಳು ಸಾಯುವುದನ್ನು ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡಿದ್ದಾರೆ.

ಜೀವಕೋಶದ ಸಾವಿನಲ್ಲಿ ಎರಡು ಬಗೆ

ಮೊದಲನೆಯದು ಅಪಘಾತದ ಸಾವು. ಪೆಟ್ಟಿನಿಂದಲೋ ಆಮ್ಲಜನಕವಿಲ್ಲದೆಯೋ ಜೀವಕೋಶ ಒಡೆದುಹೋಗುತ್ತದೆ. ಒಳಗಿನ ದ್ರವ ಹೊರಚೆಲ್ಲಿ ಸುತ್ತಲೂ ಉರಿಯೂತವಾಗುತ್ತದೆ.

ಎರಡನೆಯದು ಕ್ರಮಬದ್ಧ ಸಾವು. ಕೆಟ್ಟುಹೋದ ಜೀವಕೋಶ ತನ್ನೊಳಗೇ ಇರುವ ವ್ಯವಸ್ಥೆಯಿಂದ ಕುಗ್ಗಿ ಸಣ್ಣ ತುಣುಕುಗಳಾಗುತ್ತದೆ. ಪಕ್ಕದ ಜೀವಕೋಶಗಳು ಅದನ್ನು ಸದ್ದಿಲ್ಲದೆ ತೆಗೆದುಹಾಕುತ್ತವೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ 'ಅಪಾಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮರದಿಂದ ಎಲೆ ಉದುರುವುದಕ್ಕೆ ಬಳಸುವ ಮಾತು ಅದು. ಇಂತಹ ಸಾವು ನಮ್ಮ ದೇಹದಲ್ಲಿ ದಿನವೂ ನಡೆಯುತ್ತದೆ, ಅದು ರೋಗವಲ್ಲ. ಕಡಿಮೆ ಹೊತ್ತಿನಲ್ಲಿ ಒಂದೇ ಕಡೆ ಬಹಳ ಜೀವಕೋಶಗಳು ಸತ್ತಾಗ ಮಾತ್ರ ತೊಂದರೆ.

ಜೋಡಿಸಿದ ನಾಳದಲ್ಲಿ ಈ ಎರಡೂ ಬಗೆಯ ಸಾವು ನಡೆಯುತ್ತದೆ. ಮೊದಲ ಕೆಲವು ದಿನಗಳಲ್ಲೇ ಹೆಚ್ಚು.

ಆಮೇಲೆ ಏನಾಗುತ್ತದೆ? ಮೂರು ಕಾಲಘಟ್ಟಗಳು

ಮೊದಲ ತಿಂಗಳು: ಒಳಪದರ ಕಿತ್ತುಹೋದ ಜಾಗದಲ್ಲಿ ನಾಳದ ಒಳಮೈ ಒರಟಾಗುತ್ತದೆ. ಡೆಂಗ್ಯೂ ಜ್ವರದಲ್ಲಿ ಕಡಿಮೆಯಾಗುವ ಪ್ಲೇಟ್‌ಲೆಟ್ ಎಂಬ ಕಣಗಳ ಹೆಸರು ಕೇಳಿರುತ್ತೀರಿ. ಗಾಯ ಕಂಡಲ್ಲಿ ಅಂಟಿಕೊಂಡು ರಕ್ತ ನಿಲ್ಲಿಸುವುದೇ ಅವುಗಳ ಕೆಲಸ. ನಾಳದ ಒರಟು ಜಾಗವನ್ನೂ ಅವು ಗಾಯವೆಂದೇ ತಿಳಿದು ಅಂಟಿಕೊಳ್ಳುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೊಸ ನಾಳ ಮುಚ್ಚಿಹೋಗುತ್ತದೆ.

ಒಂದು ತಿಂಗಳಿಂದ ಒಂದು ವರ್ಷ: ಬದುಕುಳಿದ ಜೀವಕೋಶಗಳು ಹೆಚ್ಚಾಗಿ ಬೆಳೆದು ಸತ್ತವುಗಳ ಜಾಗ ತುಂಬುತ್ತವೆ. ಒಳಪದರ ಮತ್ತೆ ಹಾಸಿಕೊಳ್ಳುತ್ತದೆ. ಸ್ನಾಯು ಜೀವಕೋಶಗಳು ಹೆಚ್ಚಿ ಗೋಡೆ ದಪ್ಪವಾಗುತ್ತದೆ. ಇದು ಬೇಕಾದದ್ದೇ, ದಪ್ಪವಾದರೆ ಮಾತ್ರ ನಾಳ ಹೊಸ ಒತ್ತಡ ತಾಳೀತು. ಕಾಲಿನ ನಾಳ ಹೃದಯದ ಕಾಯಕ ಕಲಿಯುವ ಕಾಲ ಇದು. ಆದರೆ ಬೆಳವಣಿಗೆ ಅತಿಯಾದರೆ ದಾರಿಯೇ ಕಿರಿದಾಗುತ್ತದೆ. ಗಾಯ ಮಾಯ್ದ ಮೇಲೆ ಕೆಲವರ ಚರ್ಮದಲ್ಲಿ ಉಬ್ಬಿದ ಕಲೆ ಉಳಿಯುತ್ತದಲ್ಲ, ಆ ರೀತಿ.

ಒಂದು ವರ್ಷದ ನಂತರ: ಹೀಗೆ ದಪ್ಪವಾದ ಗೋಡೆಯೊಳಗೆ ರಕ್ತದ ಕೆಟ್ಟ ಕೊಲೆಸ್ಟರಾಲ್ ಸೇರಿಕೊಳ್ಳುತ್ತದೆ. ಹಳೆಯ ಕರೋನರಿ ನಾಳಕ್ಕೆ ಬಂದ ಕಾಯಿಲೆಯೇ ಹೊಸ ನಾಳಕ್ಕೂ ಬರುತ್ತದೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಬೇಗ ಬರುತ್ತದೆ.

ಎದೆಯ ನಾಳಕ್ಕೂ ಕಾಲಿನ ನಾಳಕ್ಕೂ ವ್ಯತ್ಯಾಸ

ಎದೆಗೂಡಿನ ನಾಳ ಮೊದಲಿಂದಲೂ ಶುದ್ಧ ರಕ್ತನಾಳ, ಹೃದಯದ ಒತ್ತಡ ಅದಕ್ಕೆ ಹೊಸದಲ್ಲ. ಸಾಮಾನ್ಯವಾಗಿ ಅದರ ಮೇಲಿನ ತುದಿಯನ್ನು ಕಡಿಯದೆ ಕೆಳಗಿನ ತುದಿಯನ್ನು ಮಾತ್ರ ಬಿಡಿಸಿ ಹೃದಯಕ್ಕೆ ಹೊಲಿಯುತ್ತಾರೆ. ಆದ್ದರಿಂದ ಅದರ ಜೀವಕೋಶಗಳು ಅಷ್ಟಾಗಿ ಸಾಯುವುದಿಲ್ಲ.

ಅಮೆರಿಕೆಯ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಪರೇಶನ್ ಆಗಿ 10 ವರ್ಷಗಳ ನಂತರ ಎದೆಯ ನಾಳಗಳಲ್ಲಿ ಶೇ. 85 ತೆರೆದಿದ್ದವು. ಕಾಲಿನ ನಾಳಗಳಲ್ಲಿ ಶೇ. 61 ತೆರೆದಿದ್ದವು.

ಇದನ್ನು ಓದಿ ಯಾರೂ ಹೆದರಬಾರದು. 10 ವರ್ಷವಾದರೂ ಕಾಲಿನ 10 ನಾಳಗಳಲ್ಲಿ 6 ಕೆಲಸ ಮಾಡುತ್ತಿದ್ದವು ಎಂಬುದನ್ನೂ ಗಮನಿಸಿ. ಒಂದು ನಾಳ ಮುಚ್ಚಿದರೂ ಉಳಿದವು ಹೃದಯಕ್ಕೆ ರಕ್ತ ಕೊಡುತ್ತಿರುತ್ತವೆ. ಹೃದಯದ ಮುಖ್ಯ ನಾಳಕ್ಕೆ ಹೆಚ್ಚಾಗಿ ಎದೆಯ ನಾಳವನ್ನೇ ಜೋಡಿಸುವುದರಿಂದ ಆ ಭಾಗಕ್ಕೆ ಭದ್ರತೆ ಹೆಚ್ಚು.

ಸರ್ಜನ್‌ರು ಏನು ಮಾಡುತ್ತಾರೆ?

ನಾಳವನ್ನು ಎಳೆಯದೆ, ಚಿವುಟದೆ ತೆಗೆಯುವುದು, ಹೆಚ್ಚು ಒತ್ತಡದಿಂದ ಹಿಗ್ಗಿಸದಿರುವುದು, ಬೇಗ ಹೊಲಿಯುವುದು: ಇವು ಆಪರೇಶನ್ ಕೋಣೆಯ ಎಚ್ಚರಿಕೆಗಳು. ಸುತ್ತಲಿನ ಕೊಬ್ಬಿನ ಸಮೇತ ನಾಳವನ್ನು ತೆಗೆಯುವ ಒಂದು ವಿಧಾನವನ್ನು 1990ರ ದಶಕದಲ್ಲಿ ಸ್ವೀಡನ್ನಿನ ಒರೆಬ್ರೊ ಊರಿನಲ್ಲಿ ಡಾ. ಡೊಮಿಂಗೊಸ್ ಸೋಜಾ ರೂಢಿಸಿದರು. ಬೇರಿನ ಸುತ್ತ ಮಣ್ಣು ಉಳಿಸಿಕೊಂಡು ಸಸಿ ಕಿತ್ತಂತೆ. 2021ರಲ್ಲಿ ಪ್ರಕಟವಾದ ಚೀನಾ ದೇಶದ ದೊಡ್ಡ ಅಧ್ಯಯನದಲ್ಲಿ ಇದರಿಂದ ನಾಳ ಮುಚ್ಚುವುದು ಕಡಿಮೆಯಾಯಿತು. 2024ರಲ್ಲಿ ಹೊರಬಂದ ಸ್ವೀಡನ್ನಿನ ಅಧ್ಯಯನದಲ್ಲಿ ಅಂತಹ ಲಾಭ ಕಾಣಲಿಲ್ಲ, ಕಾಲಿನ ಗಾಯದ ತೊಂದರೆ ಹೆಚ್ಚಾಯಿತು. ಹಾಗಾಗಿ ಯಾರಿಗೆ ಯಾವ ವಿಧಾನ ಎಂಬುದನ್ನು ಸರ್ಜನ್‌ರೇ ನಿರ್ಧರಿಸುತ್ತಾರೆ.

ಜೀವಕೋಶಗಳು ಅತಿಯಾಗಿ ಬೆಳೆಯದಂತೆ ತಡೆಯಲು, ಹೊಲಿಯುವ ಮೊದಲೇ ನಾಳವನ್ನು ಒಂದು ಔಷಧಿಯಲ್ಲಿ ಅದ್ದಿ ನೋಡುವ ಪ್ರಯತ್ನವೂ ಅಮೆರಿಕೆಯಲ್ಲಿ ನಡೆಯಿತು. ಸುಮಾರು 3,000 ರೋಗಿಗಳ ಮೇಲೆ ನಡೆದ ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಲಾಭ ಸಿಗಲಿಲ್ಲ. ಒಮ್ಮೆ ಅದ್ದಿ ತೆಗೆದರೆ ನಾಳ ಕೊನೆಯವರೆಗೆ ಉಳಿಯುತ್ತದೆ ಎಂಬಂತಹ ಮದ್ದು ಇಲ್ಲ. ದಿನದಿನದ ಆರೈಕೆಯೇ ಅದನ್ನು ಉಳಿಸಬೇಕು. ಅದು ನಿಮ್ಮ ಮನೆಯಲ್ಲಿ ನಡೆಯಬೇಕು.

ನೀವು ಮಾಡಬೇಕಾದದ್ದು

1. ಆಸ್ಪಿರಿನ್ ಗುಳಿಗೆ ಬಿಡಬೇಡಿ. ಒರಟಾದ ಜಾಗಕ್ಕೆ ಪ್ಲೇಟ್‌ಲೆಟ್ ಅಂಟದಂತೆ ತಡೆಯುವುದು ಇದೇ. ಬೇರೆ ತೊಂದರೆ ಇಲ್ಲದಿದ್ದರೆ ಜೀವನಪೂರ್ತಿ ಬೇಕು. ಊಟದ ನಂತರ ತೆಗೆದುಕೊಳ್ಳಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಬನ್ನಿ. ಹಲ್ಲು ಕೀಳಿಸುವ ಮುಂಚೆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯದ ವೈದ್ಯರನ್ನು ಕೇಳಿ.

2. ಕೊಲೆಸ್ಟರಾಲ್ ಗುಳಿಗೆ ಬಿಡಬೇಡಿ. 1997ರಲ್ಲಿ ಪ್ರಕಟವಾದ ಅಮೆರಿಕೆಯ ಅಧ್ಯಯನದಲ್ಲಿ 1,351 ಬೈಪಾಸ್ ರೋಗಿಗಳನ್ನು ಗಮನಿಸಿದರು. ಕೆಟ್ಟ ಕೊಲೆಸ್ಟರಾಲನ್ನು 100ಕ್ಕಿಂತ ಕೆಳಗೆ ಇಳಿಸಿದವರಲ್ಲಿ ಶೇ. 27 ನಾಳಗಳಲ್ಲಿ ಕಾಯಿಲೆ ಹೆಚ್ಚಿತು. ಅಷ್ಟು ಇಳಿಸದವರಲ್ಲಿ ಶೇ. 39 ನಾಳಗಳಲ್ಲಿ ಹೆಚ್ಚಿತು. ಈಗ ವೈದ್ಯರು ಅದನ್ನು 70ಕ್ಕಿಂತ ಕೆಳಗೆ, ಕೆಲವರಲ್ಲಿ ಇನ್ನೂ ಕೆಳಗೆ ತರಲು ಹೇಳುತ್ತಾರೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಸರಿಯಾಗಿ ಬಂತೆಂದರೆ ಗುಳಿಗೆ ಕೆಲಸ ಮಾಡುತ್ತಿದೆ ಎಂದರ್ಥ. ನಿಲ್ಲಿಸಬಹುದು ಎಂದಲ್ಲ.

3. ತಂಬಾಕು ಪೂರ್ತಿ ಬಿಡಿ. ಬೀಡಿ, ಸಿಗರೇಟು, ಗುಟ್ಕಾ, ಎಲೆ ಅಡಿಕೆಯ ಜೊತೆ ತಂಬಾಕು, ತಂಬಾಕಿನ ಹಲ್ಲುಪುಡಿ ಯಾವುದೂ ಬೇಡ. ಹೊಗೆ ಒಳಪದರದ ಜೀವಕೋಶಗಳಿಗೆ ನೇರವಾಗಿ ಹಾನಿ ಮಾಡುತ್ತದೆ. ಮನೆಯೊಳಗೆ ಬೇರೆಯವರೂ ಸೇದಬಾರದು.

4. ಬಿ.ಪಿ. ಮತ್ತು ಸಕ್ಕರೆ ಹತೋಟಿಯಲ್ಲಿರಲಿ. ಬಿ.ಪಿ. ಹೆಚ್ಚಿದಷ್ಟೂ ನಾಳದ ಮೇಲೆ ಎಳೆತ ಹೆಚ್ಚು. ಸಕ್ಕರೆ ಹೆಚ್ಚಿದಷ್ಟೂ ಗಾಯ ಸರಿಯಾಗಿ ಮಾಯುವುದಿಲ್ಲ.

5. ನೋವಿನ ಗುಳಿಗೆಯನ್ನು ಔಷಧಿ ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಮೊಣಕಾಲು ನೋವಿಗೆ ಕೊಡುವ ಕೆಲವು ಗುಳಿಗೆಗಳು ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಹೃದಯಕ್ಕೂ ಒಳ್ಳೆಯದಲ್ಲ.

6. ಊಟ. ಜೋಳದ ರೊಟ್ಟಿ, ಸೊಪ್ಪು, ಕಾಳು ಪಲ್ಯ, ಹಣ್ಣು ಒಳ್ಳೆಯದು. ಕರಿದ ಭಜಿ, ವನಸ್ಪತಿ, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಚಟ್ನಿಪುಡಿ ಹಾಕಿಕೊಳ್ಳುವಾಗ ಎಣ್ಣೆ ಸುರಿದುಕೊಳ್ಳುವ ರೂಢಿ ಬಿಡಿ.

7. ನಡಿಗೆ. ಮನೆಯ ಅಂಗಳದಿಂದ ಆರಂಭಿಸಿ ವೈದ್ಯರು ಹೇಳಿದಂತೆ ದಿನೇ ದಿನೇ ಹೆಚ್ಚಿಸಿ, ದಿನಕ್ಕೆ ಅರ್ಧ ಗಂಟೆಗೆ ತನ್ನಿ.

8. ಕಾಲಿನ ಗಾಯ. ಕುಳಿತಾಗ ಕಾಲನ್ನು ಸ್ಟೂಲ್ ಮೇಲೆ ಎತ್ತಿ ಇಡಿ. ಕಾಲಮೇಲೆ ಕಾಲು ಹಾಕಿ ಕೂರಬೇಡಿ. ಗಾಯಕ್ಕೆ ಅರಿಶಿಣ, ಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿ. ಕೆಂಪಾದರೆ, ಕೀವು ಅಥವಾ ಜ್ವರ ಬಂದರೆ ತೋರಿಸಿ. ಮೀನಖಂಡ ಗಟ್ಟಿಯಾಗಿ ಬಾತು ನೋಯುತ್ತಿದ್ದರೆ ಅದೇ ದಿನ ತೋರಿಸಿ.

ಯಾವಾಗ ತಡಮಾಡಬಾರದು?

ಎದೆ ಒತ್ತಿದಂತಾಗುವುದು, ನೋವು ಎಡಗೈಗೆ ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು, ಮಲಗಿದಾಗ ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬರುವುದು: ಇವುಗಳಲ್ಲಿ ಯಾವುದಾದರೂ ಆದರೆ "ಬೈಪಾಸ್ ಆಗಿದೆ, ಇದು ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಇಲ್ಲದೆಯೂ ಬರೀ ಸುಸ್ತು, ಉಬ್ಬಸವಾಗಿ ಕಾಣಿಸಿಕೊಳ್ಳಬಹುದು.

ಮನೆಯವರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಜೀವಕೋಶಗಳು ಸಾಯುತ್ತವೆ ಎಂದ ಮೇಲೆ ಆ ನಾಳ ಕೊಳೆಯುವುದಿಲ್ಲವೇ?
ಉತ್ತರ: ಇಲ್ಲ. ಎಲ್ಲ ಜೀವಕೋಶಗಳೂ ಸಾಯುವುದಿಲ್ಲ. ಹೊಲಿದ ಕೂಡಲೇ ಒಳಗಿನಿಂದ ರಕ್ತ ಹರಿಯುತ್ತದೆ, ಗೋಡೆಗೆ ಆಹಾರ ಸಿಗುತ್ತದೆ, ಉಳಿದ ಜೀವಕೋಶಗಳು ಬೆಳೆಯುತ್ತವೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಯಾವ ತೊಂದರೆಯೂ ಇಲ್ಲ. ಆದರೂ ತಪಾಸಣೆಗೆ ಬರಬೇಕೇ?
ಉತ್ತರ: ಬರಬೇಕು. ನಾಳ ಕಿರಿದಾಗುವುದು ಬಹಳ ದಿನ ಹೊರಗೆ ಗೊತ್ತಾಗುವುದಿಲ್ಲ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ನೋಡಿದರೆ ಮೊದಲೇ ಎಚ್ಚರ ವಹಿಸಬಹುದು.

ಪ್ರಶ್ನೆ: ನಾಳ ಮುಚ್ಚಿದರೆ ಮತ್ತೆ ಎದೆ ತೆರೆಯಬೇಕೇ?
ಉತ್ತರ: ಎಲ್ಲರಿಗೂ ಬೇಕಾಗುವುದಿಲ್ಲ. ಕೆಲವರಿಗೆ ಔಷಧಿ ಸಾಕು, ಕೆಲವರಿಗೆ ಸ್ಟೆಂಟ್ ಹಾಕುತ್ತಾರೆ. ಎರಡನೇ ಬೈಪಾಸ್ ಕೆಲವರಿಗೆ ಮಾತ್ರ.

ಪ್ರಶ್ನೆ: ಗುಳಿಗೆಗೆ ದುಡ್ಡು ಸಾಲುವುದಿಲ್ಲ, ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳಬಹುದೇ?
ಉತ್ತರ: ಹಾಗೆ ಮಾಡಬೇಡಿ. ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಅದೇ ಔಷಧಿ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಯಾವುದು ಅತಿ ಮುಖ್ಯ, ಯಾವುದನ್ನು ಕಡಿಮೆ ಮಾಡಬಹುದು ಎಂದು ಅವರೇ ತಿಳಿಸುತ್ತಾರೆ.

ಮನೆಗೆ ಹೋಗುವ ಮುನ್ನ

ರೋಗಿಯ ಜೊತೆ ಇರುವವರು ಈ ನಾಲ್ಕು ಪ್ರಶ್ನೆಗಳಿಗೆ ತಮ್ಮಲ್ಲೇ ಉತ್ತರ ಹೇಳಿಕೊಳ್ಳಿ.

1. ನಮ್ಮ ರೋಗಿಗೆ ಕಾಲಿನ ನಾಳ ಎಷ್ಟು, ಎದೆಯ ನಾಳ ಎಷ್ಟು ಜೋಡಿಸಿದ್ದಾರೆ? (ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಆ ಚೀಟಿಯನ್ನು ಜೋಪಾನವಾಗಿಡಿ.)
2. ಆಸ್ಪಿರಿನ್ ಗುಳಿಗೆ ಯಾವುದು, ಕೊಲೆಸ್ಟರಾಲ್ ಗುಳಿಗೆ ಯಾವುದು, ಯಾವ ಹೊತ್ತಿಗೆ?
3. ಮುಂದಿನ ತಪಾಸಣೆ ಯಾವ ದಿನ?
4. ಮನೆಯಲ್ಲಿ ಗುಳಿಗೆ ನೆನಪಿಸುವವರು ಯಾರು?

ಯಾವುದಕ್ಕಾದರೂ ಉತ್ತರ ತಿಳಿಯದಿದ್ದರೆ ವಾರ್ಡಿನ ಸಿಸ್ಟರನ್ನು ಕೇಳಿ. ಎಷ್ಟು ಸಲ ಕೇಳಿದರೂ ಹೇಳುತ್ತೇವೆ. ಸರ್ಜನ್‌ರು ಕೆಲವು ಗಂಟೆಗಳಲ್ಲಿ ನಾಳವನ್ನು ಜೋಡಿಸಿಕೊಟ್ಟಿದ್ದಾರೆ. ಅದರ ಜೀವಕೋಶಗಳನ್ನು ಮುಂದಿನ ವರ್ಷಗಳಲ್ಲಿ ಕಾಯುವವರು ನೀವು ಮತ್ತು ನಿಮ್ಮ ಮನೆಯವರು. ತಾವೆಲ್ಲರೂ ಬೇಗ ಗುಣಮುಖರಾಗಿ, ಆರೋಗ್ಯವಾಗಿರಿ.